ಸವೆದ ಮಂಡಿಗೆ ಸಾಕ್ಷಿ ಯಾರು?

ಬಸವೇಶ್ವರನಗರದ ಅಪಾರ್ಟ್‌ಮೆಂಟಿನ ಗೇಟಿನಲ್ಲೋ, ವಿಜಯನಗರದ ಬ್ಯಾಂಕಿನ ಬಾಗಿಲಲ್ಲೋ ನೆಟ್ಟಗೆ ನಿಂತ ಮಾಜಿ ಸೈನಿಕರನ್ನು ನಾವೆಲ್ಲ ಕಂಡಿದ್ದೇವೆ. ಪಾಳಿ ಮುಗಿದ ಮೇಲೆ ಅವರು ಮೆಟ್ಟಿಲು ಇಳಿಯುವುದನ್ನೂ ಒಮ್ಮೆ ನೋಡಬೇಕು. ಕಂಬಿ ಹಿಡಿದು, ಒಂದೊಂದು ಮೆಟ್ಟಿಲಿಗೂ ಎರಡೂ ಕಾಲು ಊರಿ ಇಳಿಯುತ್ತಾರೆ. ಇನ್ನೂ ಐವತ್ತು ದಾಟದವರ ಮಂಡಿ ಹೀಗೇಕಾಯಿತು? ಇದಕ್ಕೆ ಉತ್ತರ ಹೇಳಬೇಕಾದವರು ಸೈನಿಕರೋ, ಅವರನ್ನು ದುಡಿಸಿಕೊಂಡ ಸರ್ಕಾರವೋ? ಕೀಲುವಾತಕ್ಕಾಗಿ ಅಂಗವೈಕಲ್ಯ ಪಿಂಚಣಿ ಕೇಳಿ ಸಲ್ಲಿಸುವ ಮೇಲ್ಮನವಿಗಳೆಲ್ಲ ಕಡೆಗೆ ಬಂದು ನಿಲ್ಲುವುದು ಇದೇ ಪ್ರಶ್ನೆಯ ಮುಂದೆ. ಉತ್ತರದ ಹೊಣೆ ಸರ್ಕಾರದ್ದು ಎಂಬುದು ನನ್ನ ದೃಢ ನಂಬಿಕೆ.

ಸೇವೆ ಮುಗಿಸುವ ಸೈನಿಕರನ್ನು ವೈದ್ಯಕೀಯ ಮಂಡಳಿ ಪರೀಕ್ಷಿಸುತ್ತದೆ. ಅದು ತೀರ್ಮಾನಿಸುವುದು ಎರಡು ಸಂಗತಿ: ಕಾಯಿಲೆ ಸೇವೆಯಿಂದ ಬಂದದ್ದೇ ಅಥವಾ ಸೇವೆಯಿಂದ ಉಲ್ಬಣಿಸಿದ್ದೇ, ವೈಕಲ್ಯ ಶೇಕಡಾ ಎಷ್ಟು. ಪಿಂಚಣಿಗೆ ಕನಿಷ್ಠ ಶೇ. 20 ಇರಬೇಕು. ಶೇ. 100 ವೈಕಲ್ಯಕ್ಕೆ ಕೊನೆಯ ವೇತನದ ಶೇ. 30 ಸಿಗುತ್ತದೆ, ಕಡಿಮೆ ವೈಕಲ್ಯಕ್ಕೆ ಅದೇ ಲೆಕ್ಕದಲ್ಲಿ ಕಡಿಮೆ. ಕೊನೆಯ ವೇತನ 40,000 ರೂಪಾಯಿ ಎಂದುಕೊಂಡರೆ, ಶೇ. 20ಕ್ಕೆ ಬರುವುದು ತಿಂಗಳಿಗೆ 2,400. ಶೇ. 50ರೊಳಗಿನ ವೈಕಲ್ಯವನ್ನು 50 ಎಂದೇ ಎಣಿಸುವ ಸೌಲಭ್ಯ ಅವಧಿ ಮುಗಿಸಿ ನಿವೃತ್ತರಾದವರಿಗೂ ಸಲ್ಲಬೇಕೆಂದು ರಾಮ್ ಅವತಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2014ರ ಡಿಸೆಂಬರಿನಲ್ಲಿ ಹೇಳಿತು. ಆಗ ಆ ಮೊತ್ತ 6,000 ಆಗುತ್ತದೆ. ಆದರೆ ‘ಸೇವೆಗೆ ಸಂಬಂಧಿಸಿದ್ದಲ್ಲ, ಸೇವೆಯಿಂದ ಉಲ್ಬಣಿಸಿದ್ದೂ ಅಲ್ಲ’ ಎಂದು ಮಂಡಳಿ ಬರೆದುಬಿಟ್ಟರೆ ಸಿಗುವುದು ಸೊನ್ನೆ.

ಗುಂಡೇಟಿಗೆ ತಾರೀಕು ಇರುತ್ತದೆ, ಜಾಗ ಇರುತ್ತದೆ, ಪಕ್ಕದಲ್ಲಿದ್ದ ಜೊತೆಗಾರರ ಸಾಕ್ಷ್ಯವೂ ಇರುತ್ತದೆ. ಕೀಲಿನ ಸವೆತಕ್ಕೆ ಇದ್ಯಾವುದೂ ಇಲ್ಲ. ಮೂಳೆಗಳ ತುದಿಯನ್ನು ಹೊದ್ದಿರುವ ಮೃದ್ವಸ್ಥಿಯಲ್ಲಿ ನರವೂ ಇಲ್ಲ, ರಕ್ತನಾಳವೂ ಇಲ್ಲ. ಹಾಗಾಗಿ ಸವೆಯುವಾಗ ಅದು ನೋಯುವುದಿಲ್ಲ, ಸವೆದ ಮೇಲೆ ಸುಲಭವಾಗಿ ಕೂಡಿಕೊಳ್ಳುವುದೂ ಇಲ್ಲ. ಹಿಂದೆಂದೋ ಉಳುಕಿದ ಮಂಡಿ, ವರ್ಷಗಟ್ಟಲೆ ಹೊತ್ತ ಭಾರ, ಲೆಕ್ಕವಿಲ್ಲದಷ್ಟು ಸಲ ಕುಕ್ಕರಗಾಲಲ್ಲಿ ಕೂತು ಎದ್ದದ್ದು ಎಲ್ಲ ಸೇರಿ ನೋವಾಗಿ ಹೊರಬೀಳುವ ಹೊತ್ತಿಗೆ ಕಾಲ ಸರಿದಿರುತ್ತದೆ. ನೋವು ಶುರುವಾದರೂ ಎಷ್ಟೋ ಜನ ಬಾಯಿ ಬಿಡುವುದಿಲ್ಲ. ‘ಲೋ ಮೆಡಿಕಲ್ ಕೆಟಗರಿ’ಗೆ ಇಳಿದರೆ ಬಡ್ತಿ ತಪ್ಪೀತೆಂಬ ಭಯ. ಕೊನೆಗೆ ಯುದ್ಧಕ್ಷೇತ್ರವಲ್ಲದ ‘ಶಾಂತಿ ನೆಲೆ’ಯೊಂದರಲ್ಲಿ (ಪೀಸ್ ಸ್ಟೇಷನ್) ವೈದ್ಯರ ಬಳಿ ಹೋದಾಗ, ಕಾಯಿಲೆ ಕಾಣಿಸಿಕೊಂಡದ್ದು ಶಾಂತಿ ನೆಲೆಯಲ್ಲಿ ಎಂದೇ ಕಡತದಲ್ಲಿ ದಾಖಲಾಗುತ್ತದೆ. ಅದಕ್ಕೆ ಮುಂಚಿನ ಹಿಮ, ಬೆಟ್ಟ, ಹೊರೆ ಯಾವುದೂ ಆ ಸಾಲಿನೊಳಗೆ ಬರುವುದಿಲ್ಲ.

ಸರ್ಕಾರಕ್ಕೆ ಇದು ಗೊತ್ತಿಲ್ಲದ ಸಂಗತಿಯಲ್ಲ. 1982ರ ಅರ್ಹತಾ ನಿಯಮಗಳ ಅನುಬಂಧದಲ್ಲಿ ರೋಗಗಳ ಪಟ್ಟಿಯಿದೆ. ಹವಾಮಾನದ ಪರಿಣಾಮಕ್ಕೆ ಒಳಗಾಗುವ ರೋಗಗಳಲ್ಲಿ ಸಂಧಿವಾತದ ಹೆಸರಿದೆ. ತರಬೇತಿ, ಕವಾಯತು, ದೀರ್ಘ ಕಾಲ ನಿಲ್ಲುವುದು ಇವುಗಳ ಪರಿಣಾಮಕ್ಕೆ ಒಳಗಾಗುವ ರೋಗಗಳಲ್ಲಿ ಬೆನ್ನುಮೂಳೆಯ ಹಾಗೂ ಕಾಲಿನ ಕೀಲುಗಳ ಸವೆತದ ಹೆಸರಿದೆ. 2013ರ ಜುಲೈನಲ್ಲಿ ಧರಮ್‌ವೀರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ನಿಯಮಗಳನ್ನು ಬಿಡಿಸಿ ಹೇಳಿತು: ಸೇರುವಾಗ ದಾಖಲಾಗದ ಕಾಯಿಲೆಯ ಕಾರಣಕ್ಕೆ ಸೈನಿಕರನ್ನು ಮನೆಗೆ ಕಳಿಸಿದರೆ ಅದು ಸೇವೆಯಿಂದ ಬಂದದ್ದೆಂದೇ ಭಾವಿಸಬೇಕು; ಅಲ್ಲವೆನ್ನುವ ಮಂಡಳಿ ಕಾರಣ ಬರೆಯಬೇಕು; ಸಂದೇಹದ ಲಾಭ ಸೈನಿಕರಿಗೆ ಸಲ್ಲಬೇಕು. 2008ರಲ್ಲಿ, ಮತ್ತೆ 2023ರಲ್ಲಿ ನಿಯಮಗಳು ಬದಲಾದವು. ಆದರೂ ಶಾಂತಿ ನೆಲೆಯಲ್ಲಿ ಕಾಣಿಸಿಕೊಂಡಿತು ಎಂಬುದಷ್ಟೇ ಕಾರಣವಾಗದು ಎಂದು ಮಧುಮೇಹದ ಪ್ರಕರಣವೊಂದರಲ್ಲಿ ದೆಹಲಿ ಹೈಕೋರ್ಟ್ 2025ರಲ್ಲಿ ಹೇಳಿದೆ.

ಇಲ್ಲೊಂದು ಆಕ್ಷೇಪಣೆ ಏಳುತ್ತದೆ, ಅದನ್ನು ತಳ್ಳಿಹಾಕುವಂತಿಲ್ಲ. ವಯಸ್ಸಾದಂತೆ ಎಲ್ಲರ ಮಂಡಿಯೂ ಸವೆಯುತ್ತದೆ. ಮೈಸೂರು ರಸ್ತೆಯ ಗಾರ್ಮೆಂಟ್ಸ್ ಹೆಣ್ಣುಮಕ್ಕಳಿಗೂ, ಬಸ್ ಚಾಲಕರಿಗೂ ಕೀಲುನೋವಿದೆ. ಸೈನಿಕರಿಗೇ ಏಕೆ ವಿಶೇಷ? ಉತ್ತರ ರಾಜಾಜಿನಗರದಲ್ಲೇ ಇದೆ. ಅಲ್ಲಿನ ಇಎಸ್‌ಐ ಆಸ್ಪತ್ರೆ ಹುಟ್ಟಿದ್ದು 1948ರ ಕಾಯ್ದೆಯಿಂದ. ಅದಕ್ಕೂ ಮುಂಚೆ 1923ರ ಕಾರ್ಮಿಕ ಪರಿಹಾರ ಕಾಯ್ದೆ ಬಂದಿತ್ತು. ಗೊತ್ತುಪಡಿಸಿದ ಕೆಲಸದಲ್ಲಿರುವವರಿಗೆ ಪಟ್ಟಿಯಲ್ಲಿರುವ ಕಾಯಿಲೆ ಬಂದರೆ ಅದು ಕೆಲಸದಿಂದಲೇ ಆದ ಹಾನಿ ಎಂದು ಮೊದಲು ಒಪ್ಪಿಕೊಳ್ಳುವುದು ಆ ಕಾನೂನುಗಳು ಹಾಕಿಕೊಟ್ಟ ರೀತಿ. ಆ ಪಟ್ಟಿಯಲ್ಲಿ ಗಾರ್ಮೆಂಟ್ಸ್ ಮಹಿಳೆಯ ಮಂಡಿಗೆ ಜಾಗವಿಲ್ಲವೆಂದರೆ ಪಟ್ಟಿ ಬೆಳೆಯಬೇಕು. ಅವರಿಗೆ ಸಿಕ್ಕಿಲ್ಲವೆಂದು ಇವರದ್ದನ್ನು ಕಿತ್ತುಕೊಳ್ಳುವುದು ನ್ಯಾಯವಲ್ಲ. ಅಮೆರಿಕದಲ್ಲಿ ಸೇವೆ ಬಿಟ್ಟ ಒಂದು ವರ್ಷದೊಳಗೆ ಸಂಧಿವಾತ ಶೇ. 10ರಷ್ಟು ಕಾಣಿಸಿಕೊಂಡರೂ ಅದು ಸೇವೆಯ ಫಲವೆಂದು ಭಾವಿಸುವ ನಿಯಮವಿದೆ. ಸುಳ್ಳು ಬೇಡಿಕೆಗಳೂ ಬರಬಹುದು, ನಿಜ. ಅವನ್ನು ಸೋಸಬೇಕಾದದ್ದು ಪ್ರತಿಯೊಬ್ಬರ ಮಂಡಿಯನ್ನೂ ಪರೀಕ್ಷಿಸಿ. ಎಲ್ಲರಿಗೂ ಒಂದೇ ಸಾಲು ಬರೆದು ಕಳಿಸಿದರೆ ನಿಜ ಹೇಳುವವರೂ ಸುಳ್ಳುಗಾರರ ಸಾಲಿಗೆ ಸೇರುತ್ತಾರೆ.

ಹೊಣೆ ಸರ್ಕಾರದ್ದೆನ್ನಲು ನನಗಿರುವ ದೊಡ್ಡ ಕಾರಣ ದಾಖಲೆ. ಭರ್ತಿಯ ದಿನ ಸೈನಿಕರ ಕಾಲನ್ನು ಪರೀಕ್ಷಿಸಿ ಗಟ್ಟಿಯಿದೆ ಎಂದು ಬರೆದುಕೊಂಡದ್ದು ಸೇನೆಯ ವೈದ್ಯರೇ. ಯಾವ ವರ್ಷ ಯಾವ ಎತ್ತರದಲ್ಲಿದ್ದರು, ಯಾವಾಗ ಆಸ್ಪತ್ರೆ ಸೇರಿದರು ಎಂಬುದೆಲ್ಲ ಇರುವುದು ರೆಕಾರ್ಡ್ ಆಫೀಸಿನಲ್ಲಿ. ಕೆಂಗೇರಿಯ ಮನೆಯಲ್ಲಿರುವ ನಿವೃತ್ತ ಹವಾಲ್ದಾರರ ಟ್ರಂಕಿನಲ್ಲಿ ಇರುವುದು ಡಿಸ್ಚಾರ್ಜ್ ಪುಸ್ತಕ, ಕೆಲವು ಫೋಟೊ. ಕಡತ ಯಾರ ಕೈಲಿದೆಯೋ ಅವರೇ ಸಾಕ್ಷ್ಯ ಕೊಡಬೇಕು.

ಈಗಿರುವ ದಾರಿ ಮಂಡಿ ಸವೆದವರಿಗೆ ಆಗುವಂಥದ್ದಲ್ಲ. ಮೊದಲ ಮೇಲ್ಮನವಿ, ಎರಡನೆಯ ಮೇಲ್ಮನವಿ, ಆಮೇಲೆ 2007ರ ಕಾಯ್ದೆಯಡಿ ಬಂದ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. ಇಷ್ಟೊಂದು ಸೇನಾ ಕೇಂದ್ರಗಳಿರುವ ಬೆಂಗಳೂರಿನಲ್ಲಿ ಅದರ ಕಾಯಂ ಪೀಠವಿಲ್ಲ. ದಕ್ಷಿಣದ ಪೀಠಗಳಿರುವುದು ಚೆನ್ನೈ ಮತ್ತು ಕೊಚ್ಚಿಯಲ್ಲಿ. ಅಲ್ಲಿ ಗೆದ್ದರೂ ಸರ್ಕಾರ ಮೇಲಿನ ಕೋರ್ಟಿಗೆ ಹೋಗಬಹುದು. ಇಂಥ ವ್ಯಾಜ್ಯಗಳನ್ನು ತಗ್ಗಿಸುವ ದಾರಿ ಹುಡುಕಲು ರಕ್ಷಣಾ ಸಚಿವರಾಗಿದ್ದ ಮನೋಹರ್ ಪರಿಕ್ಕರ್ 2015ರಲ್ಲಿ ತಜ್ಞರ ಸಮಿತಿಯನ್ನೇ ನೇಮಿಸಿದ್ದರು.

ಮಾಡಬೇಕಾದದ್ದು ಹೆಚ್ಚೇನಿಲ್ಲ. ವೈದ್ಯಕೀಯ ಮಂಡಳಿ ಕೊನೆಯ ಪೋಸ್ಟಿಂಗ್ ಒಂದನ್ನೇ ನೋಡದೆ ಇಡೀ ಸೇವೆಯನ್ನು ನೋಡಲಿ. ಇಲ್ಲವೆನ್ನುವುದಾದರೆ ಏಕೆ ಇಲ್ಲವೆಂದು, ಓದಿದರೆ ಅರ್ಥವಾಗುವ ಮಾತಿನಲ್ಲಿ ಬರೆಯಲಿ. ನ್ಯಾಯಾಲಯಗಳು ಇತ್ಯರ್ಥಪಡಿಸಿದ ಪ್ರಶ್ನೆಯನ್ನು ಸರ್ಕಾರ ಮತ್ತೆ ಮತ್ತೆ ಕೆದಕದಿರಲಿ. ಭರ್ತಿಯ ದಿನ ಆ ಮಂಡಿಗಳು ಗಟ್ಟಿಯಿದ್ದವೆಂದು ಬರೆದದ್ದು ಸರ್ಕಾರವೇ. ಮುಂದೇನಾಯಿತು ಎಂಬುದನ್ನೂ ಅದೇ ಬರೆದು ತೋರಿಸಲಿ.