ಆರೋಗ್ಯ ಚಿಂತನ: ತೂಕದ ಶಸ್ತ್ರಚಿಕಿತ್ಸೆಯ ನಂತರ ವ್ಯಾಯಾಮ

ಪೀಣ್ಯದ ಕೈಗಾರಿಕಾ ಪ್ರದೇಶವು 1970ರ ದಶಕದಲ್ಲಿ ಬೆಳೆಯತೊಡಗಿದಾಗ ತುಮಕೂರು, ಹಾಸನ, ಚಿತ್ರದುರ್ಗಗಳ ಕಡೆಯಿಂದ ಬಂದು ಅಲ್ಲಿ ನೆಲೆಸಿದ ಹಿರಿಯರು ದಿನವಿಡೀ ಲೇತ್ ಯಂತ್ರದ ಮುಂದೆ ನಿಂತು ದುಡಿದವರು. ಅದೇ ದಶಕದ ಕೊನೆಯಲ್ಲಿ ಕಿಯೋನಿಕ್ಸ್ ಸಂಸ್ಥೆಯು ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ ನೆಲದಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಅಡಿಪಾಯ ಹಾಕಿತು. 1990ರ ದಶಕದಲ್ಲಿ ವೈಟ್‌ಫೀಲ್ಡಿನ ತಂತ್ರಜ್ಞಾನ ಉದ್ಯಾನವೂ ತಲೆಯೆತ್ತಿತು. ಆ ಹಿರಿಯರ ಮಕ್ಕಳು, ಮೊಮ್ಮಕ್ಕಳು ಇಂದು ಅಲ್ಲೆಲ್ಲ ಕುಳಿತು ದುಡಿಯುತ್ತಾರೆ. ಕುರ್ಚಿಯಲ್ಲಿ ಎಂಟು ಗಂಟೆ, ವಾಹನದಲ್ಲಿ ಎರಡು ಗಂಟೆ, ವಾರ ವಾರವೂ ಹಗಲು ರಾತ್ರಿಗಳ ಅದಲುಬದಲು. ದುಡಿಮೆಯ ರೀತಿ ಬದಲಾಯಿತು. ಊಟದ ಪ್ರಮಾಣ ಮಾತ್ರ ಹಿಂದಿನಂತೆಯೇ ಉಳಿಯಿತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಸ್ತ್ರೀಯರಲ್ಲಿಯೂ ಪುರುಷರಲ್ಲಿಯೂ ನೂರಕ್ಕೆ ಸುಮಾರು 30 ಮಂದಿ ಮಿತಿಮೀರಿದ ತೂಕದವರು.

ಹೀಗಾಗಿ ಬೊಜ್ಜಿನ ಶಸ್ತ್ರಚಿಕಿತ್ಸೆಯೆಂಬುದು ಈಗ ನಮ್ಮ ಮನೆಗಳಿಗೆ ಅಪರಿಚಿತವಾಗಿ ಉಳಿದಿಲ್ಲ. ಆದರೂ ಅದನ್ನು ಪಿಸುಮಾತಿನಲ್ಲಿಯೇ ಹೇಳಿಕೊಳ್ಳುತ್ತೇವೆ. ಪಿತ್ತಕೋಶದ ಕಲ್ಲು ತೆಗೆಸಿದರೆಂದು ನೆಂಟರಿಗೆ ತಿಳಿಸಿ ಸುಮ್ಮನಾಗುವವರೂ ಉಂಟು. ಇದರಲ್ಲಿ ನಾಚಿಕೊಳ್ಳುವುದೇನಿದೆಯೋ ಕಾಣೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ನಿದ್ರೆಯಲ್ಲಿ ಉಸಿರು ಕಟ್ಟುವ ತೊಂದರೆಗಳಿಂದ ನರಳುತ್ತಿರುವವನಿಗೆ ವೈದ್ಯರು ಯೋಚಿಸಿ ಮಾಡುವ ಚಿಕಿತ್ಸೆಯಿದು. ಇದರ ಇತಿಹಾಸವೂ ಹೊಸತಲ್ಲ. ಅಮೆರಿಕೆಯ ಅಯೋವಾ ವಿಶ್ವವಿದ್ಯಾಲಯದ ಡಾ. ಎಡ್ವರ್ಡ್ ಮೇಸನ್ 1966ರಲ್ಲಿಯೇ ಜಠರವನ್ನು ಕಿರಿದುಗೊಳಿಸಿ ಕರುಳಿಗೆ ಜೋಡಿಸುವ ಬೈಪಾಸ್ ವಿಧಾನವನ್ನು ಆರಂಭಿಸಿದ್ದರು. ಇಂದು ಹೆಚ್ಚಾಗಿ ನಡೆಯುವ ಸ್ಲೀವ್ ವಿಧಾನದಲ್ಲಿ ಜಠರದ ಮುಕ್ಕಾಲು ಭಾಗಕ್ಕೂ ಮಿಗಿಲಾಗಿ ಕತ್ತರಿಸಿ ತೆಗೆದು, ಬಾಳೆಕಾಯಿಯಾಕಾರದ ಕಿರಿದಾದ ಕೊಳವೆಯೊಂದನ್ನು ಮಾತ್ರ ಉಳಿಸುತ್ತಾರೆ.

ಇಲ್ಲಿ ಒಂದು ಗೊಂದಲವನ್ನು ಬಿಡಿಸಬೇಕು. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ 21 ವರ್ಷದ ಕಿರುತೆರೆ ನಟಿಯೊಬ್ಬರು ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಯ ಬಳಿಕ ತೀರಿಕೊಂಡ ಸುದ್ದಿಯನ್ನು ಓದಿ ಎಲ್ಲರೂ ಕಳವಳಗೊಂಡೆವು. ಅಂತಹ ಚಿಕಿತ್ಸೆ ಅಂದಕ್ಕಾಗಿ ಮಾಡಿಸಿಕೊಳ್ಳುವಂಥದು. ಚರ್ಮದಡಿಯ ಕೊಬ್ಬನ್ನು ಮಾತ್ರ ತೆಗೆಯುತ್ತದೆ, ಹಸಿವಿಗೂ ಸಕ್ಕರೆ ಕಾಯಿಲೆಗೂ ಅದು ಮದ್ದಲ್ಲ. ನಾವು ಹೇಳುತ್ತಿರುವ ಜಠರದ ಶಸ್ತ್ರಚಿಕಿತ್ಸೆಯು ಬೇರೆ. ಅಧಿಕ ತೂಕದವರೆಲ್ಲರಿಗೂ ಇದನ್ನು ಮಾಡುವುದಿಲ್ಲ. ವಿಮಾ ನಿಯಂತ್ರಣ ಪ್ರಾಧಿಕಾರವು 2019ರಲ್ಲಿ ಹೊರಡಿಸಿದ ಮಾರ್ಗಸೂಚಿಯು ಕೂಡ ಬಿ.ಎಂ.ಐ. ಸೂಚ್ಯಂಕ 40 ಅಥವಾ ಅದಕ್ಕೂ ಹೆಚ್ಚಿರುವವರಿಗೆ, ಇಲ್ಲವೆ 35 ಮುಟ್ಟಿ ಜೊತೆಗೆ ತೀವ್ರವಾದ ಕಾಯಿಲೆಗಳಿರುವವರಿಗೆ ವಿಮೆಯ ನೆರವನ್ನು ಒಪ್ಪುತ್ತದೆ. 5 ಅಡಿ 5 ಅಂಗುಲ ಎತ್ತರದವರಿಗೆ 35 ಎಂದರೆ ಸುಮಾರು 95 ಕಿಲೋ ತೂಕವೆಂದು ತಿಳಿಯಬಹುದು.

ಶಸ್ತ್ರಚಿಕಿತ್ಸೆ ಮುಗಿಯಿತು, ವಾರ ವಾರಕ್ಕೂ ತೂಕ ಇಳಿಯತೊಡಗಿತು. ಹೀಗಿರುವಾಗ ಮತ್ತೆ ಜಿಮ್ಮಿಗೆ ಹೋಗುವ ಅಗತ್ಯವೇನು ಎಂದು ಮನೆಯವರು ಕೇಳುವುದು ಸಹಜ. ಅನೇಕರು ತಿಳಿಯದಿರುವ ವಿಷಯ ಇಲ್ಲಿಯೇ ಇದೆ. ಇಳಿಯುವ ತೂಕವೆಲ್ಲವೂ ಕೊಬ್ಬಲ್ಲ. ಅದರಲ್ಲಿ ಸುಮಾರು ಕಾಲು ಭಾಗ, ಕೆಲವರಲ್ಲಿ ಅದಕ್ಕೂ ಹೆಚ್ಚು, ಕೊಬ್ಬಲ್ಲದ ಅಂಶವಾಗಿದ್ದು ಸ್ನಾಯುವೂ ಅದರಲ್ಲಿ ಸೇರಿರುತ್ತದೆ. ಆ ನಷ್ಟದ ಬಹುಪಾಲು ಮೊದಲ ಆರು ತಿಂಗಳಲ್ಲಿಯೇ ಆಗಿಹೋಗುತ್ತದೆ. ಊಟ ಅಂಗೈಯಷ್ಟಾದಾಗ ದೇಹವು ಕೂಡಿಟ್ಟ ಕೊಬ್ಬಿನ ಜೊತೆಗೆ ಮಾಂಸಖಂಡಗಳನ್ನೂ ಕರಗಿಸಿಕೊಳ್ಳುತ್ತದೆ. ಮೂವತ್ತು ಕಿಲೋ ಇಳಿದರೂ ಮೆಟ್ಟಿಲು ಹತ್ತುವಾಗ ತೊಡೆ ನಡುಗುವುದು, ನೆಲದ ಮೇಲೆ ಕುಳಿತರೆ ಕೈಯೂರಿ ಏಳಬೇಕಾಗುವುದು ಇದರಿಂದಲೇ. ಸ್ನಾಯು ಕ್ಷೀಣಿಸಿದಷ್ಟೂ ದೇಹವು ವಿಶ್ರಾಂತಿಯಲ್ಲಿ ಖರ್ಚು ಮಾಡುವ ಶಕ್ತಿಯೂ ಕುಗ್ಗುವುದರಿಂದ ಎರಡು ಮೂರು ವರ್ಷಗಳಲ್ಲಿ ತೂಕ ಮರಳಿ ಬರಲು ಹಾದಿಯಾಗುತ್ತದೆ. ಆದುದರಿಂದ ಶಸ್ತ್ರಚಿಕಿತ್ಸೆಯಾದವರು ಜಿಮ್ಮಿಗೆ ಹೋಗಬೇಕಾದುದು ತೂಕ ಇಳಿಸುವುದಕ್ಕಲ್ಲ, ಆ ಕೆಲಸವನ್ನು ಸದ್ಯಕ್ಕೆ ಕಿರಿದಾದ ಜಠರವೇ ಮಾಡುತ್ತಿದೆ. ಅವರು ಹೋಗಬೇಕಾದುದು ಇರುವ ಬಲವನ್ನು ಉಳಿಸಿಕೊಳ್ಳುವುದಕ್ಕೆ. ಈ ಒಂದು ವ್ಯತ್ಯಾಸವನ್ನು ಅರಿಯದೆ ಗಂಟೆಗಟ್ಟಲೆ ಟ್ರೆಡ್‌ಮಿಲ್ ಮೇಲೆ ಓಡಿ ಬಸವಳಿಯುವವರು ಬಹಳ.

ಮನೆಯ ಹಿರಿಯರ ಅಂಜಿಕೆಯೂ ನಿರಾಧಾರವೆನ್ನುವಂತಿಲ್ಲ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ಅವರು ವ್ಯಾಯಾಮದ ಬಳಿಕ ಅಸ್ವಸ್ಥರಾಗಿ 46ನೆಯ ವಯಸ್ಸಿನಲ್ಲಿಯೇ ನಿಧನರಾದಾಗ ನಾಡಿಗೆ ನಾಡೇ ಮರುಗಿತು. ಮುಂದಿನ ದಿನಗಳಲ್ಲಿ ಜಯದೇವ ಹೃದ್ರೋಗ ಸಂಸ್ಥೆಯ ಮುಂದೆ ತಪಾಸಣೆಗಾಗಿ ಜನ ಸಾಲುಗಟ್ಟಿದರು. ಅಂದಿನಿಂದ ಜಿಮ್ ಎಂದೊಡನೆ ಎಷ್ಟೋ ತಾಯಂದಿರ ಎದೆ ಧಸಕ್ಕೆನ್ನುತ್ತದೆ. ಮಗನನ್ನು ತಡೆಯುವುದಕ್ಕಿಂತ ಹೃದಯದ ತಪಾಸಣೆ ಮಾಡಿಸಿ ಕಳುಹಿಸುವುದೇ ಇದಕ್ಕೆ ಪರಿಹಾರ. ಶಸ್ತ್ರಚಿಕಿತ್ಸೆಗೆ ಮುಂಚೆ ಹೃದಯದ ಪರೀಕ್ಷೆಗಳು ಆಗಿಯೇ ಇರುತ್ತವೆ. ಆ ವರದಿಗಳನ್ನು ತೋರಿಸಿ, ‘ಭಾರ ಎತ್ತುವ ವ್ಯಾಯಾಮವನ್ನು ಯಾವಾಗ ಆರಂಭಿಸಬಹುದು’ ಎಂದು ಶಸ್ತ್ರವೈದ್ಯರನ್ನೇ ಕೇಳಿ ಬರೆಸಿಕೊಳ್ಳುವುದು ಲೇಸು. ಇನ್ನೊಂದು ಮಾತನ್ನು ಇಲ್ಲಿಯೇ ಹೇಳಿಬಿಡುವುದುಚಿತ. ತೂಕ ಇಳಿದಂತೆ ರಕ್ತದೊತ್ತಡವೂ ಸಕ್ಕರೆಯೂ ಇಳಿಯುತ್ತವೆ. ಆದರೆ ಹಳೆಯ ಮಾತ್ರೆಗಳು ಹಳೆಯ ಪ್ರಮಾಣದಲ್ಲಿಯೇ ಮುಂದುವರಿದಿರುತ್ತವೆ. ವ್ಯಾಯಾಮದ ನಡುವೆ ತಲೆ ಸುತ್ತಿ ಬೀಳುವುದಕ್ಕೆ ಎಷ್ಟೋ ಸಲ ಇದೇ ಕಾರಣ. ಮಾತ್ರೆಯನ್ನು ತಾನಾಗಿ ಬಿಡಬಾರದು, ತಗ್ಗಿಸಬೇಕೇ ಎಂದು ವೈದ್ಯರನ್ನು ಕೇಳದೆಯೂ ಇರಬಾರದು.

ಇನ್ನು ಕ್ರಮದ ವಿಷಯ. ನಡಿಗೆಯು ಶಸ್ತ್ರಚಿಕಿತ್ಸೆಯಾದ ದಿನವೇ ಅಥವಾ ಮರುದಿನವೇ ಆಸ್ಪತ್ರೆಯ ಮೊಗಸಾಲೆಯಲ್ಲಿ ಆರಂಭವಾಗುತ್ತದೆ. ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟದಿರಲು ಇದು ಅತ್ಯಗತ್ಯ. ಮನೆಗೆ ಬಂದ ಮೇಲೆ ಮೊದಲು ಹತ್ತು ನಿಮಿಷದಂತೆ ದಿನಕ್ಕೆ ಮೂರು ಬಾರಿ, ಅನಂತರ ತಿಂಗಳೊಳಗಾಗಿ ಅರ್ಧ ಗಂಟೆಯವರೆಗೆ ಹೆಚ್ಚಿಸಬಹುದು. ನಮ್ಮ ಮೆಟ್ರೋ 2014ರಲ್ಲಿ ಪೀಣ್ಯಕ್ಕೂ, 2023ರಲ್ಲಿ ವೈಟ್‌ಫೀಲ್ಡಿಗೂ, 2025ರ ಆಗಸ್ಟಿನಲ್ಲಿ ಎಲೆಕ್ಟ್ರಾನಿಕ್ ಸಿಟಿಯ ಮಾರ್ಗವಾಗಿ ಬೊಮ್ಮಸಂದ್ರಕ್ಕೂ ತಲುಪಿರುವುದರಿಂದ ಕೆಲಸಕ್ಕೆ ಮರಳಿದವರು ನಿಲ್ದಾಣದವರೆಗಿನ ನಡಿಗೆಯನ್ನೇ ಲೆಕ್ಕಕ್ಕೆ ಹಿಡಿಯಬಹುದು.

ಆದರೆ ಭಾರ ಎತ್ತುವ ವಿಚಾರದಲ್ಲಿ ಆತುರ ಸಲ್ಲದು. ಸಾಮಾನ್ಯವಾಗಿ ಮೊದಲ ನಾಲ್ಕರಿಂದ ಆರು ವಾರ ಐದು ಕಿಲೋಗಿಂತ ಹೆಚ್ಚಿನದನ್ನು ಎತ್ತಬಾರದೆಂದು ವೈದ್ಯರು ಹೇಳುತ್ತಾರೆ. ಹೊಟ್ಟೆಯ ಮೇಲಿನ ಗಾಯಗಳು ಚಿಕ್ಕವಾಗಿ ಕಾಣುತ್ತವೆ, ಆದರೆ ಒಳಗಿನ ಪದರಗಳು ಕೂಡಿಕೊಳ್ಳಲು ಸಮಯ ಬೇಕು. ಅವಸರಪಟ್ಟರೆ ಅಲ್ಲಿ ಅಂಡವಾಯುವಿನಂತೆ ಕರುಳು ಉಬ್ಬಿ ಬರಬಹುದು. ಐದು ಕಿಲೋ ಎಂದರೆ ಎಷ್ಟು ಕಡಿಮೆಯೆಂಬುದನ್ನು ಮನೆಯವರು ಗಮನಿಸಬೇಕು. ವೈಟ್‌ಫೀಲ್ಡಿನ ಮನೆಮನೆಯಲ್ಲಿಯೂ ಇರುವ ಇಪ್ಪತ್ತು ಲೀಟರಿನ ನೀರಿನ ಕ್ಯಾನು ಇಪ್ಪತ್ತು ಕಿಲೋ. ಎರಡು ವರ್ಷದ ಮಗು ಹತ್ತು ಕಿಲೋಗೂ ಹೆಚ್ಚು. ಅಡಿಗೆ ಅನಿಲದ ಸಿಲಿಂಡರು ತುಂಬಿದ್ದರೆ ಸುಮಾರು ಮೂವತ್ತು ಕಿಲೋ. ಜಿಮ್ಮಿಗೆ ಹೋಗಬೇಡವೆಂದು ತಡೆದ ಮನೆಯವರೇ ಮೂರನೆಯ ವಾರದಲ್ಲಿ ಸೊಸೆಯ ಕೈಯಲ್ಲಿ ಕೊಡಪಾನ ಎತ್ತಿಸುವುದನ್ನು ಏನೆನ್ನೋಣ!

ಆರರಿಂದ ಎಂಟು ವಾರ ಕಳೆದು, ವೈದ್ಯರ ಒಪ್ಪಿಗೆ ದೊರೆತ ಮೇಲೆ ಜಿಮ್ಮಿನ ಮೆಟ್ಟಿಲು ಹತ್ತಬಹುದು. ಸೇರುವ ದಿನವೇ ತರಬೇತುದಾರರಿಗೆ ಶಸ್ತ್ರಚಿಕಿತ್ಸೆಯ ವಿಷಯವನ್ನು ತಿಳಿಸಿರಬೇಕು. ನೆಂಟರಿಂದ ಮುಚ್ಚಿಟ್ಟರೂ ಸರಿಯೇ, ಇವರಿಂದ ಮುಚ್ಚಿಡುವುದು ಅಪಾಯ. ಕುರ್ಚಿಯಿಂದ ಕೈಯೂರದೆ ಏಳುವುದು, ಗೋಡೆಗೆ ಕೈಯೊತ್ತಿ ಮಾಡುವ ದಂಡ, ರಬ್ಬರ್ ಪಟ್ಟಿ ಎಳೆಯುವುದು, ಎರಡು ಕಿಲೋ ಡಂಬೆಲ್ ಇವಿಷ್ಟೇ ಮೊದಲ ತಿಂಗಳಿಗೆ ಸಾಕು. ವಾರಕ್ಕೆ ಎರಡು ದಿನ, ನಡುವೆ ಬಿಡುವು. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯಂತೂ ಎಲ್ಲ ವಯಸ್ಕರಿಗೂ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮ, ಜೊತೆಗೆ ಎರಡು ದಿನ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮವನ್ನು ಹೇಳಿದೆ. ಅದು ತಲುಪಬೇಕಾದ ಗುರಿ, ಮೊದಲ ವಾರದ ಲೆಕ್ಕವಲ್ಲ. ಹೊಟ್ಟೆಯನ್ನು ಬಿಗಿಹಿಡಿದು ಮಾಡುವ ಕಸರತ್ತುಗಳನ್ನು ಸುಮಾರು ಮೂರು ತಿಂಗಳವರೆಗೆ ಮುಂದೂಡುವುದು ಕ್ಷೇಮ. ಉಸಿರು ಕಟ್ಟಿ ಭಾರ ಎತ್ತಬಾರದು. ಎದೆ ಬಿಗಿತ, ತಣ್ಣನೆಯ ಬೆವರು, ಗಾಯದ ಬಳಿ ಉಬ್ಬು ಕಂಡರೆ ಅಲ್ಲಿಗೇ ನಿಲ್ಲಿಸಬೇಕು.

ಹೀಗೆ ನಿಧಾನವಾಗಿ ಬಲ ಕೂಡಿಸುವ ಪರಿ ನಮ್ಮವರಿಗೆ ಹೊಸದಲ್ಲ. ಗರಡಿ ಮನೆಗಳಲ್ಲಿ ಹೊಸಬನನ್ನು ಮೊದಲ ದಿನವೇ ಅಖಾಡಕ್ಕಿಳಿಸುತ್ತಿರಲಿಲ್ಲ. ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳ ಕರ್ತೃ ಕೆ. ವಿ. ಅಯ್ಯರ್ ಅವರು ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ಜಿಮ್ನಾಸಿಯಂ ನಡೆಸಿ ಅಂಗಸಾಧನೆಯ ಮೇಲೆ ಪುಸ್ತಕಗಳನ್ನೂ ಬರೆದವರೆಂಬುದನ್ನು ಇಂದಿನ ತರುಣರು ಅರಿಯರು. ಜಿಮ್ ಎಂಬುದು ಸಾಫ್ಟ್‌ವೇರ್ ಕಂಪನಿಗಳೊಡನೆ ಬಂದ ಪದಾರ್ಥವೆಂದು ಹಿರಿಯರೂ ಭಾವಿಸಬೇಕಾಗಿಲ್ಲ.

ವ್ಯಾಯಾಮದಷ್ಟೇ, ಒಂದು ತೂಕ ಹೆಚ್ಚಾಗಿಯೇ, ಅಡಿಗೆಮನೆಯ ಪಾತ್ರ ಇಲ್ಲಿ ಮುಖ್ಯ. ಈ ಚಿಕಿತ್ಸೆಯಾದವರಿಗೆ ದಿನಕ್ಕೆ 60 ಗ್ರಾಮಿಗೆ ಕಡಿಮೆಯಿಲ್ಲದಂತೆ ಪ್ರೋಟೀನ್ ಬೇಕು. ಅದಿಲ್ಲದೆ ಭಾರ ಎತ್ತಿದರೆ ಇಟ್ಟಿಗೆಯಿಲ್ಲದೆ ಗೋಡೆ ಕಟ್ಟಿದಂತೆ. ಮೊಟ್ಟೆ, ಮಾಂಸಗಳನ್ನು ಮುಟ್ಟದ ನಮ್ಮ ಮನೆಗಳಲ್ಲಿ ಇದನ್ನು ಹೊಂದಿಸುವುದು ಹೇಗೆ? ಹಾಲು 400 ಮಿಲಿಲೀಟರಿನಿಂದ 13 ಗ್ರಾಂ, ಪನೀರ್ 75 ಗ್ರಾಮಿನಿಂದ 14, ಒಣ ಸೋಯಾ ಉಂಡೆ 30 ಗ್ರಾಮಿನಿಂದ 15, ಬೇಳೆ ಅಥವಾ ಹುರುಳಿ 30 ಗ್ರಾಮಿನಿಂದ 7, ಹುರಿಗಡಲೆ 30 ಗ್ರಾಮಿನಿಂದ 6, ಒಂದು ದೊಡ್ಡ ಬಟ್ಟಲು ಮೊಸರಿನಿಂದ 5 ಎಂದು ಸುಮಾರಾಗಿ ಕೂಡಿಸಿದರೆ 60 ಆಗುತ್ತದೆ. ಕೇಳಲು ಸುಲಭ, ಆದರೆ ಜಠರವೇ ಕಿರಿದಾಗಿರುವಾಗ ಇದನ್ನು ಐದಾರು ಸಲವಾಗಿ, ಪ್ರತಿ ಊಟದಲ್ಲಿಯೂ ಬೇಳೆ ಪನೀರುಗಳನ್ನು ಮೊದಲು ತಿಂದು, ಮುದ್ದೆಯನ್ನೋ ಅನ್ನವನ್ನೋ ಕೊನೆಗೆ ಒಂದೆರಡು ತುತ್ತು ತೆಗೆದುಕೊಂಡರೆ ಮಾತ್ರ ಸಾಧ್ಯ. ಅಷ್ಟಾಗಿಯೂ ಸಾಲದಿದ್ದರೆ ವೈದ್ಯರು ಹೇಳಿದ ಪ್ರೋಟೀನ್ ಪುಡಿಯನ್ನು ಹಾಲಿನಲ್ಲಿ ಬೆರೆಸಿ ಕುಡಿಯುವುದರಲ್ಲಿ ದೋಷವಿಲ್ಲ. ಜಿಮ್ಮಿನಲ್ಲಿ ಮಾರುವ ಹೆಸರಿಲ್ಲದ ಡಬ್ಬಿಗಳನ್ನು ಮಾತ್ರ ಕೊಳ್ಳಬಾರದು.

ದಾಸೋಹದ ಪಂಕ್ತಿಯಲ್ಲಿ, ಮದುವೆ ಮನೆಯಲ್ಲಿ ಇವರಿಗೆ ಬರುವ ಸಂಕಟ ಬೇರೊಂದು. ಪ್ರಸಾದವನ್ನು ತಟ್ಟೆಯಲ್ಲಿ ಬಿಡಬಾರದೆಂಬ ನಮ್ಮ ನಡವಳಿಕೆ ಒಳ್ಳೆಯದೇ. ಹಾಗೆಂದು ಜಠರ ತಾಳಲಾರದಷ್ಟು ಉಣ್ಣುವುದು ವಾಂತಿಗೆ ದಾರಿ. ಮೊದಲೇ ಕೈಯಡ್ಡ ಹಿಡಿದು ಎರಡು ತುತ್ತಿಗೆ ಸಾಕಾಗುವಷ್ಟು ಬಡಿಸಿಕೊಂಡರಾಯಿತು. ಬಡಿಸುವವರೂ ‘ಇನ್ನಿಷ್ಟು’ ಎಂದು ಒತ್ತಾಯಿಸದಿದ್ದರೆ ದೊಡ್ಡ ಉಪಕಾರ. ನೀರಿನ ವಿಷಯವೂ ಹೀಗೆಯೇ. ವ್ಯಾಯಾಮ ಮುಗಿಸಿ ಚೊಂಬೆತ್ತಿ ಗಟಗಟನೆ ಕುಡಿಯಲು ಇವರಿಗಾಗದು. ದಿನವಿಡೀ ಗುಟುಕು ಗುಟುಕಾಗಿ ಒಂದೂವರೆ ಲೀಟರಿಗೆ ಕಡಿಮೆಯಿಲ್ಲದಂತೆ ಕುಡಿಯಬೇಕು. ಬೈಪಾಸ್ ಆದವರು ಸಕ್ಕರೆ ತುಂಬಿದ ಪಾನೀಯಗಳನ್ನು ದೂರವಿಡಬೇಕು. ಅವು ಕರುಳಿಗೆ ಒಮ್ಮೆಲೇ ಇಳಿದು ಎದೆಬಡಿತ, ಬೆವರು, ತಲೆಸುತ್ತನ್ನು ತರುತ್ತವೆ.

ಜಿಮ್ಮಿಗೆ ಹೋದ ಮೊದಲ ವಾರ ಮೈಕೈ ನೋವು ಬರುವುದು ಸಹಜ. ಆಗ ರಸ್ತೆಯ ತಿರುವಿನ ಔಷಧಿ ಅಂಗಡಿಯಲ್ಲಿ ನೋವಿನ ಮಾತ್ರೆ ಕೇಳುವ ರೂಢಿ ನಮ್ಮದು. ಐಬುಪ್ರೊಫೆನ್, ಡೈಕ್ಲೊಫೆನಾಕ್‌ಗಳಂತಹ ಮಾತ್ರೆಗಳು ಈ ಚಿಕಿತ್ಸೆಯಾದವರಲ್ಲಿ, ವಿಶೇಷವಾಗಿ ಬೈಪಾಸ್ ಆದವರಲ್ಲಿ, ಜೋಡಣೆಯ ಜಾಗದಲ್ಲಿ ಹುಣ್ಣೆಬ್ಬಿಸಿ ರಕ್ತಸ್ರಾವಕ್ಕೂ ಕಾರಣವಾಗಬಲ್ಲವು. ಬಿಸಿನೀರಿನ ಸ್ನಾನ, ಒಂದು ದಿನದ ವಿಶ್ರಾಂತಿ ಸಾಕಾಗದಿದ್ದರೆ ವೈದ್ಯರಿಗೇ ಫೋನಿನಲ್ಲಿ ಕೇಳಿ. ಈ ಒಂದು ಮಾತನ್ನು ಕಾಗದದಲ್ಲಿ ಬರೆದು ಔಷಧಿ ಡಬ್ಬಿಯ ಮುಚ್ಚಳಕ್ಕೆ ಅಂಟಿಸಿಟ್ಟರೂ ಅತಿಯಾಗಲಾರದು.

ಮೂರನೆಯ ತಿಂಗಳಿನ ಹೊತ್ತಿಗೆ ತಲೆಗೂದಲು ಉದುರತೊಡಗಿ ಹೆಣ್ಣುಮಕ್ಕಳು ಗಾಬರಿಗೊಳ್ಳುತ್ತಾರೆ. ಜಿಮ್ಮಿನ ಉಷ್ಣದಿಂದಲೇ ಹೀಗಾಯಿತೆಂದು ಅತ್ತೆಯವರು ತೀರ್ಪು ಕೊಟ್ಟುಬಿಡುತ್ತಾರೆ. ತೂಕ ವೇಗವಾಗಿ ಇಳಿದಾಗ ಹೀಗಾಗುವುದು ಸಾಮಾನ್ಯ. ಆಹಾರ ಸರಿಯಾಗಿದ್ದರೆ ಕೆಲವು ತಿಂಗಳಲ್ಲಿ ಮರಳಿ ಬೆಳೆಯುತ್ತದೆ. ಇದಕ್ಕಾಗಿ ವ್ಯಾಯಾಮವನ್ನು ನಿಲ್ಲಿಸಬೇಕಾಗಿಲ್ಲ. ಹಾಗೆಯೇ ತಕ್ಕಡಿಯ ಮುಳ್ಳು ಎರಡು ವಾರ ಅಲುಗದಿದ್ದರೆ ಧೈರ್ಯಗೆಡಬಾರದು. ಅರ್ಧ ನಿಮಿಷದಲ್ಲಿ ಕುರ್ಚಿಯಿಂದ ಎಷ್ಟು ಬಾರಿ ಕೈಯೂರದೆ ಎದ್ದು ಕುಳಿತಿರಿ ಎಂಬುದನ್ನು ತಿಂಗಳಿಗೊಮ್ಮೆ ಬರೆದಿಡಿ. ಆ ಲೆಕ್ಕ ತಕ್ಕಡಿಗಿಂತ ಹೆಚ್ಚಿನದನ್ನು ಹೇಳುತ್ತದೆ.

ರಾತ್ರಿ ಪಾಳಿಯವರ ಕಷ್ಟ ನಿಜವಾದದ್ದು. ಬೆಳಗ್ಗೆ ಪಾಳಿ ಮುಗಿಸಿ ನಿದ್ದೆಗೆಟ್ಟ ಕಣ್ಣಿನಲ್ಲಿ ನೇರವಾಗಿ ಜಿಮ್ಮಿಗೆ ಹೋಗುವುದು ತರವಲ್ಲ. ಮಲಗಿ ಎದ್ದು, ಸ್ವಲ್ಪ ತಿಂದು, ಸಂಜೆ ಕೆಲಸಕ್ಕೆ ಹೊರಡುವ ಮುನ್ನ ನಲವತ್ತು ನಿಮಿಷ ಮೀಸಲಿಟ್ಟರೆ ಸಾಕು. ಪಾಳಿ ಬದಲಾದ ವಾರದಲ್ಲಿ ಜಿಮ್ ತಪ್ಪಿದರೆ ಮನೆಯಲ್ಲಿಯೇ ರಬ್ಬರ್ ಪಟ್ಟಿ, ಕುರ್ಚಿಗಳಿಂದ ಮುಂದುವರಿಸಬಹುದು.

ಮೂರು, ಆರು, ಹನ್ನೆರಡು ತಿಂಗಳ ತಪಾಸಣೆಗಳನ್ನು ‘ಚೆನ್ನಾಗಿಯೇ ಇದ್ದೇನಲ್ಲ’ ಎಂದು ತಪ್ಪಿಸುವವರು ಹೆಚ್ಚು. ಹೋದಾಗ ಕಬ್ಬಿಣ, ಕ್ಯಾಲ್ಸಿಯಂ, ಡಿ ಜೀವಸತ್ವಗಳ ಜೊತೆಗೆ ಬಿ12 ಜೀವಸತ್ವದ ಮಟ್ಟವನ್ನೂ ಪರೀಕ್ಷಿಸುವಂತೆ ಕೇಳಿ. ಶಾಕಾಹಾರಿಗಳಲ್ಲಿ ಇದು ಮೊದಲೇ ಕಡಿಮೆಯಿರುತ್ತದೆ. ಜಠರ ಕಿರಿದಾದ ಮೇಲೆ ಇನ್ನೂ ಕುಗ್ಗಿ ಕಾಲು ಜೋಮು ಹಿಡಿಯುವುದು, ನಡಿಗೆ ತಪ್ಪುವುದು ಕಾಣಿಸಿಕೊಳ್ಳಬಹುದು. ಅಂತಹ ಜೋಮನ್ನು ಜಿಮ್ಮಿನ ದಣಿವೆಂದು ತಿಳಿದು ತಿಂಗಳುಗಟ್ಟಲೆ ಸುಮ್ಮನಿರಬೇಡಿ. ಕಬ್ಬಿಣದ ಮಾತ್ರೆಯನ್ನೂ ಕ್ಯಾಲ್ಸಿಯಂ ಮಾತ್ರೆಯನ್ನೂ ಒಟ್ಟಿಗೆ ನುಂಗದೆ ನಡುವೆ ಎರಡು ಗಂಟೆ ಬಿಡಬೇಕು. ಬೆಳಗ್ಗೆ ಒಂದು, ರಾತ್ರಿ ಒಂದೆಂದು ಇಟ್ಟುಕೊಂಡರೆ ಮರೆಯುವುದಿಲ್ಲ.