ಕಾಡಂಚಿನ ಮನೆಯ ಹಿತ್ತಲಂಗಳ

ದೇವರಾಯನದುರ್ಗದ ಕಾಡಂಚಿನಲ್ಲಿ ತೋಟದ ಮನೆ ಕಟ್ಟಿಕೊಂಡಿರುವ ಬೆಳೆಗಾರ ಬಾಂಧವರಲ್ಲಿ ಹಿತ್ತಲಿಗೆ ಕಲ್ಲುಚಪ್ಪಡಿ ಹಾಸಿಸಿ, ಸುತ್ತ ಹೂಗಿಡ ಬೆಳೆಸುವ ಆಸೆ ಸಹಜ. ಸಂಜೆ ಕೂರಲೂ ಆಯಿತು, ಸುಗ್ಗಿಯಲ್ಲಿ ಬೇಯಿಸಿದ ಅಡಿಕೆ ಹರವಲೂ ಆಯಿತು. ಆದರೆ ಇಂಥ ಕಡೆ ಅಂಗಳದ ಅಂದಕ್ಕಿಂತ ಮೊದಲು ಅದರ ಸುತ್ತಲಿನ ಬಯಲನ್ನು ಯೋಚಿಸಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

2020ರ ಮೊದಲೆರಡು ತಿಂಗಳಲ್ಲಿ ಗುಬ್ಬಿ, ತುಮಕೂರು ತಾಲ್ಲೂಕುಗಳಲ್ಲಿ ಎಳೆಯ ಮಕ್ಕಳು ಚಿರತೆಗೆ ಬಲಿಯಾದದ್ದನ್ನು ಯಾರೂ ಮರೆತಿರಲಾರರು. ಚಿರತೆ ಪೊದೆಯ ಮರೆಯಲ್ಲಿ ಹತ್ತಿರ ಬರುವ ಪ್ರಾಣಿ. ಅಂಗಳದ ಅಂಚಿಗೇ ದಟ್ಟವಾದ ಬೇಲಿಗಿಡ ಬೆಳೆಸುವುದು, ಹೂ ಚೆನ್ನಾಗಿದೆಯೆಂದು ಲಂಟಾನ ಉಳಿಸುವುದು ಅದಕ್ಕೆ ದಾರಿ ಮಾಡಿಕೊಟ್ಟಂತೆ. ಚಪ್ಪಡಿಯ ಆಚೆ ಮೂವತ್ತು ಅಡಿಯಾದರೂ ಪೊದೆ ಸವರಿ ತೆರವಾಗಿಡಿ. ಮರ ಕಡಿಯಬೇಕಿಲ್ಲ, ಹೊಂಗೆ, ಬೇವಿನ ಕೆಳಗೊಂಬೆ ತೆಗೆದರೆ ಸಾಕು. ಅರಣ್ಯದ ಗಡಿಯಾಚೆ ಮಚ್ಚು ಹಾಕುವ ಹಕ್ಕು ನಮಗಿಲ್ಲ. ಜಾಗ ಸಾಲದಿದ್ದರೆ ಅಂಗಳವನ್ನೇ ಇತ್ತ ಸರಿಸಿಕೊಳ್ಳಬೇಕು. ಹಲಸು ದೂರವಿರಲಿ, ಹಣ್ಣಿನ ವಾಸನೆಗೆ ಕರಡಿ ಬರುತ್ತದೆ. ರಾತ್ರಿ ನಾಯಿಯನ್ನು ಹಿತ್ತಲಲ್ಲಿ ಕಟ್ಟುವುದಂತೂ ಚಿರತೆಗೆ ಕರೆಯೋಲೆ!

ಸಿಮೆಂಟಿಗೆ ದುಡ್ಡು ಸುರಿಯುವುದು ಬೇಡ. ನೆಲವನ್ನು ದಿಮ್ಮಸು ಹಾಕಿ ಗಟ್ಟಿಮಾಡಿ, ಎರಡು ಅಂಗುಲ ಮರಳು ಹರಡಿ ಚಪ್ಪಡಿ ಕೂರಿಸಿ. ಹತ್ತು ಅಡಿಗೆ ಎರಡು ಅಂಗುಲದಂತೆ ವಾಟವಿರಲಿ. ಮಳೆನೀರು ಬಸಿಗಾಲುವೆ ಸೇರಬೇಕೇ ಹೊರತು ಅಡಿಕೆಯ ಬುಡದಲ್ಲಿ ನಿಲ್ಲಬಾರದು.

ಅಂಚಿಗೆ ತುಳಸಿ, ಕನಕಾಂಬರದಂಥ ಗಿಡ್ಡ ಗಿಡಗಳು ಸಾಕು. ದಾಸವಾಳ ಬೇಕೇ ಬೇಕೆಂದು ಮನೆಯವರು ಹಟ ಹಿಡಿದರೆ ಗೋಡೆಯ ಪಕ್ಕ ಒಂದು ನೆಟ್ಟು, ವರ್ಷಕ್ಕೆರಡು ಬಾರಿ ಸವರುತ್ತಿರಿ.