ಬುಡಕಟ್ಟು ಅಧ್ಯಯನ ಓದಿದರೆ ಕೆಲಸ ಸಿಗುತ್ತಾ?

ನಮ್ಮ ಆಪಾ ಈ ವರ್ಷ ಬಿ.ಎ. ಮುಗಿಸುತ್ತಾಳೆ. ಮುಂದೆ ಮಾನವಶಾಸ್ತ್ರದಲ್ಲಿ ಎಂ.ಎ. ಮಾಡಿ, ಬುಡಕಟ್ಟು ಸಮುದಾಯಗಳ ಜೊತೆ ಕೆಲಸ ಮಾಡಬೇಕು ಅನ್ನುವುದು ಅವಳ ಆಸೆ. ರಾತ್ರಿ ಊಟಕ್ಕೆ ಕೂತಾಗ ಇದನ್ನು ಹೇಳಿದಳು. ಅಬ್ಬಾ ಕೇಳಿದ್ದು ಒಂದೇ ಪ್ರಶ್ನೆ: “ಪಡ್ಕೋ ಕ್ಯಾ ಕರ್ತಿ?” ಓದಿ ಏನು ಮಾಡ್ತೀಯ? ಅಮ್ಮಿ, ಬಿ.ಎಡ್. ಮಾಡು ಸಾಕು ಅಂದರು. ಆಮೇಲೆ ಅಬ್ಬಾ ನನ್ನ ಕಡೆ ತಿರುಗಿ, “ನೀನು ಕಾಮರ್ಸ್ ಅಲ್ವಾ, ಲಾಭ ನಷ್ಟ ನೋಡಿ ಹೇಳು” ಅಂದರು. ತಮಾಷೆಗೆ ಹೇಳಿರಬಹುದು. ನಾನು ಮಾತ್ರ ಎರಡು ವಾರ ನಿಜವಾಗಿಯೂ ನೋಡಿದೆ.

ಮೊದಲು ಓದುವ ಜಾಗಗಳು. ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಬುಡಕಟ್ಟು ಅಧ್ಯಯನ ವಿಭಾಗವೇ ಇದೆ. ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯ ಇದೆ. ಮೈಸೂರು ಮತ್ತು ಧಾರವಾಡದ ವಿಶ್ವವಿದ್ಯಾಲಯಗಳಲ್ಲಿ ಮಾನವಶಾಸ್ತ್ರ ಕಲಿಸುತ್ತಾರೆ.

ಇನ್ನು ಕೆಲಸ. ನನಗೆ ಆಶ್ಚರ್ಯವಾದದ್ದು ಮೈಸೂರು. ಭಾರತೀಯ ಮಾನವಶಾಸ್ತ್ರ ಸರ್ವೇಕ್ಷಣೆಯ ದಕ್ಷಿಣ ಪ್ರಾದೇಶಿಕ ಕೇಂದ್ರ, 1969ರಲ್ಲಿ ಶುರುವಾದ ಭಾರತೀಯ ಭಾಷಾ ಸಂಸ್ಥಾನ, ರಾಜ್ಯದ ಬುಡಕಟ್ಟು ಸಂಶೋಧನಾ ಸಂಸ್ಥೆ, ಭೋಪಾಲದ ಮಾನವ ಸಂಗ್ರಹಾಲಯದ ದಕ್ಷಿಣ ಕೇಂದ್ರ, ಎಲ್ಲವೂ ಆ ಒಂದೇ ಊರಿನಲ್ಲಿವೆ. ಯು.ಪಿ.ಎಸ್.ಸಿ. ಪರೀಕ್ಷೆಯಲ್ಲಿ ಮಾನವಶಾಸ್ತ್ರ ಐಚ್ಛಿಕ ವಿಷಯ, 500 ಅಂಕ. ಅದರ ಎರಡನೇ ಪತ್ರಿಕೆಯಲ್ಲಿ ಭಾರತದ ಬುಡಕಟ್ಟುಗಳ ಬಗ್ಗೆಯೇ ಹೆಚ್ಚು ಓದಬೇಕು. 2011ರ ಜನಗಣತಿಯಂತೆ ನಮ್ಮ ರಾಜ್ಯದಲ್ಲಿ ಪರಿಶಿಷ್ಟ ಪಂಗಡದವರು ಸುಮಾರು 42.5 ಲಕ್ಷ. ಅವರಿಗಾಗಿ ಇಲಾಖೆ ಇದೆ, ಆಶ್ರಮ ಶಾಲೆಗಳಿವೆ. ಅಲ್ಲಿ ಕೂರುವ ಅಧಿಕಾರಿಗೆ ಆ ಜನರ ಬದುಕು ಗೊತ್ತಿರಬೇಡವೇ?

ದೂರ ಹೋಗುವುದೇ ಬೇಡ. ಸಹಕಾರನಗರದ ಪಕ್ಕ, ಜಕ್ಕೂರಿನ ಶ್ರೀರಾಮಪುರದಲ್ಲಿ ಏಟ್ರೀ ಎಂಬ ಪರಿಸರ ಸಂಶೋಧನಾ ಸಂಸ್ಥೆ ಇದೆ. ನಾನು ಅದರ ಕಡೆಯಿಂದ ಎಷ್ಟೋ ಸಲ ಹೋಗಿದ್ದೇನೆ, ಏನು ಅಂತ ಗೊತ್ತಿರಲಿಲ್ಲ. ಇವರು ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರ ಜೊತೆ ಸೇರಿ ಅವರ ಪವಿತ್ರ ಜಾಗಗಳ ನಕ್ಷೆ ಮಾಡಿದ್ದಾರೆ. 2006ರ ಅರಣ್ಯ ಹಕ್ಕು ಕಾಯ್ದೆಯಡಿ 2011ರಲ್ಲಿ ಅಲ್ಲಿನ ಸೋಲಿಗರಿಗೆ ಸಮುದಾಯ ಹಕ್ಕು ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶದ ಒಳಗೇ ಸಿಕ್ಕಿದ ಹಕ್ಕು ಅದು. ಆ ಹೋರಾಟದಲ್ಲಿದ್ದ ಡಾ. ಸಿ. ಮಾದೇಗೌಡರು ಸ್ವತಃ ಸೋಲಿಗರು, ಏಟ್ರೀಯಲ್ಲಿ ಸಂಶೋಧಕರಾಗಿ ಕೆಲಸ ಮಾಡಿದವರು.

ಸೋಲಿಗರು ಕಾಡಿನಿಂದ ತರುವ ಜೇನು, ನೆಲ್ಲಿಕಾಯಿ, ಸೀಗೆಕಾಯಿ ಮುಂತಾದವನ್ನು ಕೊಂಡು ಮಾರಲು ಲ್ಯಾಂಪ್ಸ್ ಎಂಬ ಸಹಕಾರ ಸಂಘಗಳಿವೆ. ಅವರು ಆರಿಸುವ ಇನ್ನೊಂದು ವಸ್ತು ಕಲ್ಲುಹೂವು. ನಮ್ಮ ಮನೆಯ ಬಿರಿಯಾನಿ ಮಸಾಲೆಗೆ ಅಮ್ಮಿ ಹಾಕುವ ‘ಪತ್ತರ್ ಕಾ ಫೂಲ್’ ಅದೇ! ಆರಿಸಿದವರ ಕೈಗೆ ಎಷ್ಟು ಬರುತ್ತದೆ, ಅಂಗಡಿಯಲ್ಲಿ ಎಷ್ಟಾಗುತ್ತದೆ, ನಡುವಿನ ಹಣ ಎಲ್ಲಿ ಹೋಗುತ್ತದೆ? ಇದು ನಮ್ಮ ಅಕೌಂಟೆನ್ಸಿ ಪ್ರಶ್ನೆ. ಅಂದರೆ ಈ ಕೆಲಸಕ್ಕೆ ಕಾಮರ್ಸ್ ಓದಿದವರೂ ಬೇಕು.

ನಷ್ಟದ ಕಡೆಯನ್ನೂ ಹೇಳಬೇಕು. ಕಾಯಂ ಹುದ್ದೆಗಳು ಕಡಿಮೆ, ಸ್ಪರ್ಧೆ ಜಾಸ್ತಿ. ಸಂಸ್ಥೆಗಳಲ್ಲಿ ಯೋಜನೆ ಮುಗಿದರೆ ಕೆಲಸವೂ ಮುಗಿಯಬಹುದು. ಬಿ.ಕಾಂ. ಮಾಡಿದವರಷ್ಟು ಬೇಗ ಸಂಬಳ ಕಾಣುವುದಿಲ್ಲ. ಇನ್ನೊಂದು ಮಾತು, ಈ ಹುದ್ದೆಗಳು ಮೊದಲು ಆ ಸಮುದಾಯಗಳ ಮಕ್ಕಳಿಗೇ ಸಿಗಬೇಕು. ಇದನ್ನು ಹೇಳಿದಾಗ ಆಪಾ ಸ್ವಲ್ಪ ಹೊತ್ತು ಸುಮ್ಮನಿದ್ದು, “ಸರಿ, ನಾನು ಅವರ ಹಿಂದೆ ನಿಂತು ಮಾಡುವ ಕೆಲಸವೂ ಇರುತ್ತಲ್ಲ” ಅಂದಳು.

ನಮಗೂ ಇದಕ್ಕೂ ಏನು ಸಂಬಂಧ ಅಂತ ಕೆಲವರು ಕೇಳಬಹುದು. ಉತ್ತರ ಕನ್ನಡದ ಸಿದ್ದಿಗಳನ್ನು 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿಸಲಾಯಿತು. ಅವರಲ್ಲಿ ಹಿಂದೂಗಳು, ಕ್ರೈಸ್ತರು, ಮುಸ್ಲಿಮರು ಮೂವರೂ ಇದ್ದಾರೆ. ನಮ್ಮದೇ ರಾಜ್ಯದ ಈ ಮುಸ್ಲಿಮರ ಬಗ್ಗೆ ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಇನ್ನು ಭಾಷೆ. ನಾವು ಮನೆಯಲ್ಲಿ ಆಡುವ ದಖನಿಯನ್ನು ‘ಸರಿಯಾದ ಉರ್ದು ಅಲ್ಲ’ ಅನ್ನುವವರಿದ್ದಾರೆ. ಹೊರಗೆ ಬಂದರೆ, ನಿನಗೆ ಕನ್ನಡ ಬರುತ್ತಾ ಅಂತ ಕೇಳುತ್ತಾರೆ. ಮನೆಮಾತನ್ನು ಕೀಳಾಗಿ ನೋಡಿದಾಗ ಹೇಗನ್ನಿಸುತ್ತದೆ ಅಂತ ನಮಗೆ ಗೊತ್ತು. ಜೇನುಕುರುಬರ ಹುಡುಗ ಶಾಲೆಗೆ ಬಂದು ಬಾಯಿಮುಚ್ಚಿ ಕೂತರೆ ಯಾಕೆ ಅಂತ ನಮಗೆ ಬೇಗ ಅರ್ಥವಾಗಬೇಕು.

ನನ್ನ ಅಭಿಪ್ರಾಯ ಇಷ್ಟೇ. ವೃತ್ತಿ ಮಾರ್ಗದರ್ಶನ ಅಂದರೆ ಸಿ.ಎ., ನೀಟ್, ಇಂಜಿನಿಯರಿಂಗ್ ಮಾತ್ರ ಆಗಬಾರದು. ನಮ್ಮ ಉಪನ್ಯಾಸಕರು ಮುಂದಿನ ಸಲ ಇಂಥ ಕ್ಷೇತ್ರದಲ್ಲಿ ದುಡಿಯುವ ಒಬ್ಬರನ್ನು, ಸಾಧ್ಯವಾದರೆ ಬುಡಕಟ್ಟು ಸಮುದಾಯದವರನ್ನೇ, ಕರೆಸಬೇಕು. ಜಕ್ಕೂರು ಎಷ್ಟು ದೂರ, ಅಲ್ಲಿಗೆ ನಮ್ಮನ್ನು ಒಂದು ದಿನ ಕರೆದುಕೊಂಡು ಹೋಗಬಹುದು.

ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ಅಬ್ಬಾಗೆ ಕೊಟ್ಟೆ. ಎರಡೂ ಕಡೆ ಓದಿದರು. ಹೂಂ ಅನ್ನಲಿಲ್ಲ. ಆದರೆ ಮರುದಿನ ಆಪಾಳನ್ನು ಕರೆದು, ಮೈಸೂರಿನ ಹಾಸ್ಟೆಲ್ ಫೀಸ್ ಎಷ್ಟು ಅಂತ ಕೇಳಿದರು.